ಮೂರು ಆರ್ಡರು, ಒಂದೇ ಪಾರ್ಸೆಲ್, ಒಂದೇ ನಂಬರು

ನವಣೆ, ರಾಗಿ, ತೊಗರಿಬೇಳೆ, ಹುಣಸೆಹಣ್ಣು ಇವನ್ನು ಮಂಡಿಗೆ ಹಾಕದೆ ನೇರವಾಗಿ ಬೆಂಗಳೂರಿನ ಮನೆಗಳಿಗೆ ಕಳಿಸುವವರು ನಮ್ಮ ಶಿರಾ ಕಡೆ ಈಗ ಊರಿಗೆ ಇಬ್ಬರು ಮೂವರು ಸಿಗುತ್ತಾರೆ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಗಿ ಸಂತೆ ನಿಂತಾಗ ಫೋನಿನಲ್ಲಿ ಶುರುವಾದ ವ್ಯವಹಾರ ಬಹಳ ಜನಕ್ಕೆ ಹಾಗೇ ಮುಂದುವರಿದಿದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಈ ಪಶ್ಚಿಮದ ಬಡಾವಣೆಗಳಲ್ಲಿ ತುಮಕೂರು, ಹಾಸನ, ಮಂಡ್ಯ ಕಡೆಯಿಂದ ಹೋಗಿ ನೆಲೆಯಾದ ಕುಟುಂಬಗಳು ಬೇಕಾದಷ್ಟಿವೆ. ಅವರಿಗೆ ಮುದ್ದೆ ಗೊತ್ತು, ಹೊಸ ಹುಣಸೆಹಣ್ಣಿನ ಬೆಲೆ ಗೊತ್ತು. ಗಿರಾಕಿ ಹುಡುಕುವುದು ಕಷ್ಟ ಅಲ್ಲ. ಕಷ್ಟ ಇರುವುದು ಸಾಗಣೆ ಖರ್ಚಿನಲ್ಲಿ.

ನಮ್ಮ ಪಕ್ಕದ ಹೊಲದವರು ಎರಡು ವರ್ಷ ಹೀಗೆ ಕಳಿಸಿದರು. ಮೂರನೇ ವರ್ಷ ಯುಗಾದಿಗೆ ಕೂತು ಲೆಕ್ಕ ಹಾಕಿದರೆ, ಮಂಡಿಗಿಂತ ಹೆಚ್ಚು ಸಿಕ್ಕಿದ ದುಡ್ಡೆಲ್ಲ ಪಾರ್ಸೆಲ್ ರಸೀದಿಗಳಲ್ಲಿ ಇತ್ತು. ಮನೆಯವರು ರಾತ್ರಿ ಹನ್ನೊಂದರವರೆಗೆ ಕಲ್ಲು ಆರಿಸಿ ಪೊಟ್ಟಣ ಕಟ್ಟಿದ ಕೂಲಿ ಲೆಕ್ಕಕ್ಕೇ ಬರಲಿಲ್ಲ. ಮತ್ತೆ ಮಂಡಿಗೇ ಮೂಟೆ ಹೊತ್ತರು. ಅವರ ರಸೀದಿ ಕಟ್ಟನ್ನು ನಾನೂ ತಿರುವಿ ನೋಡಿದೆ. ಒಂದೇ ಮನೆಗೆ ಒಂದೇ ವಾರದಲ್ಲಿ ಎರಡು, ಮೂರು ಪಾರ್ಸೆಲ್ ಹೋದದ್ದು ಎಷ್ಟೋ ಸಲ ಇತ್ತು. ಒಂದು ಮನೆಯ ಆರ್ಡರುಗಳನ್ನು ಕೂಡಿಸಿ ಒಂದೇ ಪೆಟ್ಟಿಗೆ ಮಾಡಿದ್ದರೆ ಅವರ ವ್ಯವಹಾರ ಇವತ್ತಿಗೂ ನಡೆಯುತ್ತಿತ್ತು ಅಂತ ನನ್ನ ಅನಿಸಿಕೆ.

ಕೂಡಿಸುವುದು ಅಂದರೆ ಬರೀ ಒಂದು ಡಬ್ಬಕ್ಕೆ ತುಂಬುವುದಲ್ಲ. ಲೆಕ್ಕ ತಪ್ಪಬಾರದು, ಗಿರಾಕಿಗೆ ಗೊಂದಲ ಆಗಬಾರದು, ಸಾಮಾನು ಕೆಡಬಾರದು. ಒಂದೊಂದೇ ನೋಡೋಣ.

ಉಳಿತಾಯ ಎಲ್ಲಿಂದ ಬರುತ್ತದೆ

ಅಂಚೆ ಇರಲಿ, ಕೊರಿಯರ್ ಇರಲಿ, ದರ ಹಾಕುವ ರೀತಿ ಹೆಚ್ಚುಕಡಿಮೆ ಒಂದೇ. ಮೊದಲ ಅಳತೆಗೆ ಜಾಸ್ತಿ, ಆಮೇಲಿನ ಒಂದೊಂದು ಅಳತೆಗೆ ಕಡಿಮೆ. ಅಳತೆ ತುಂಬದಿದ್ದರೂ ಪೂರ್ತಿ ಅಳತೆಯ ದುಡ್ಡು. ಒಂದು ಉದಾಹರಣೆ ಮಾಡೋಣ. ಇದು ಪಾಠಕ್ಕೆಂದು ಹಾಕಿದ ಅಂಕಿ, ನೀವು ನಿಮ್ಮ ಊರಿನ ದರ ಹಾಕಿಕೊಂಡು ಮಾಡಿ.

ಮೊದಲ ಅರ್ಧ ಕಿಲೋಗೆ 60 ರೂಪಾಯಿ, ಆಮೇಲಿನ ಪ್ರತಿ ಅರ್ಧ ಕಿಲೋಗೆ 20 ರೂಪಾಯಿ ಅಂತ ಇಟ್ಟುಕೊಳ್ಳಿ. ಬಸವೇಶ್ವರನಗರದ ಒಂದು ಮನೆಯಿಂದ ಮೂರು ಆರ್ಡರು ಬಂದಿವೆ. ನವಣೆ ಅಕ್ಕಿ 2 ಕಿಲೋ, ತೊಗರಿಬೇಳೆ 1 ಕಿಲೋ, ಹುಣಸೆಹಣ್ಣು ಅರ್ಧ ಕಿಲೋ.

ಬೇರೆ ಬೇರೆ ಕಳಿಸಿದರೆ: ನವಣೆ ಡಬ್ಬದ ಸಮೇತ 2 ಕಿಲೋ 200 ಗ್ರಾಂ. ಎರಡೂವರೆ ಕಿಲೋ ಅಂತ ಹಿಡಿಯುತ್ತಾರೆ, 140 ರೂಪಾಯಿ. ಬೇಳೆ 1 ಕಿಲೋ 200 ಗ್ರಾಂ, ಒಂದೂವರೆ ಲೆಕ್ಕ, 100 ರೂಪಾಯಿ. ಹುಣಸೆಹಣ್ಣು 600 ಗ್ರಾಂ, ಬರೀ 100 ಗ್ರಾಂ ಜಾಸ್ತಿ ಆದದ್ದಕ್ಕೆ ಒಂದು ಕಿಲೋ ಲೆಕ್ಕ, 80 ರೂಪಾಯಿ. ಒಟ್ಟು 320.

ಒಂದೇ ಪೆಟ್ಟಿಗೆ ಮಾಡಿದರೆ: ಸಾಮಾನು ಮೂರೂವರೆ ಕಿಲೋ, ಡಬ್ಬ ಮತ್ತು ಪೊಟ್ಟಣ ಸೇರಿ 400 ಗ್ರಾಂ. 3 ಕಿಲೋ 900 ಗ್ರಾಂ, ನಾಲ್ಕು ಕಿಲೋ ಲೆಕ್ಕ. 60 ಮತ್ತು ಏಳು ಸಲ 20, ಅಂದರೆ 200 ರೂಪಾಯಿ.

120 ರೂಪಾಯಿ ಉಳಿಯಿತು. ಇದರಲ್ಲಿ 80 ಉಳಿದದ್ದು ಮೊದಲ ಅಳತೆಯ ಜಾಸ್ತಿ ದರವನ್ನು ಮೂರು ಸಲದ ಬದಲು ಒಂದೇ ಸಲ ಕೊಟ್ಟಿದ್ದರಿಂದ. ಉಳಿದ 40 ಬಂದದ್ದು ಅರ್ಧಂಬರ್ಧ ಅಳತೆಗಳು ಕೂಡಿಕೊಂಡದ್ದರಿಂದ. ಬೇರೆಬೇರೆ ಕಳಿಸಿದಾಗ ಹತ್ತು ಅಳತೆ, ಕೂಡಿಸಿದಾಗ ಎಂಟೇ. ಮಳೆ ನಂಬಿಕೊಂಡು ನವಣೆ ಬೆಳೆಯುವವನಿಗೆ 120 ರೂಪಾಯಿ ಅಂದರೆ ಒಂದು ಕಿಲೋ ಕಾಳಿನ ಮೇಲಿನ ಲಾಭಕ್ಕಿಂತ ಜಾಸ್ತಿ.

ಆದರೆ ಡಬ್ಬದ ಗಾತ್ರ ನೋಡಿಕೊಳ್ಳಬೇಕು. ಬಹಳ ಕೊರಿಯರ್‌ನವರು ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದದ್ದು ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ತೂಕ ಅಂತ ಹಿಡಿಯುತ್ತಾರೆ. ಅಂಗಡಿಯಲ್ಲಿ ಬಿಟ್ಟಿ ಸಿಕ್ಕಿತು ಅಂತ 40, 30, 25 ಸೆಂಟಿಮೀಟರಿನ ದೊಡ್ಡ ರಟ್ಟಿನ ಪೆಟ್ಟಿಗೆ ತಂದರೆ 30,000 ಭಾಗಿಸು 5000, ಆರು ಕಿಲೋ ಆಯ್ತು! ನಾಲ್ಕು ಕಿಲೋ ಕಾಳಿಗೆ ಆರು ಕಿಲೋ ಬಾಡಿಗೆ, ಗಾಳಿಗೆ ದುಡ್ಡು ಕೊಟ್ಟ ಹಾಗೆ. 30, 25, 20ರ ಪೆಟ್ಟಿಗೆ ಆದರೆ ಮೂರೇ ಕಿಲೋ ಲೆಕ್ಕ ಬರುತ್ತದೆ, ನಿಜವಾದ ತೂಕಕ್ಕಷ್ಟೇ ಕೊಡುತ್ತೇವೆ. ಅರಳು, ಹುರಿದ ಮಂಡಕ್ಕಿ ತರಹದ ಹಗುರ ಸಾಮಾನು ಸೇರಿಸುವಾಗ ಈ ಲೆಕ್ಕ ಮೊದಲು ಮಾಡಿಕೊಳ್ಳಿ.

ಒಂದೇ ಗಿರಾಕಿ ಅಂತ ಹೇಗೆ ತಿಳಿಯುವುದು

ಇದೇ ಎಲ್ಲಕ್ಕಿಂತ ತೊಡಕಿನ ಭಾಗ. ಮೇಲೆ ಹೇಳಿದ ಬಸವೇಶ್ವರನಗರದ ಮನೆಯನ್ನೇ ತಗೊಳ್ಳಿ. ಶನಿವಾರ ಅತ್ತೆಯವರು ಫೋನು ಮಾಡಿ "ಗೌಡ್ರೇ, ನವಣೆ ಎರಡು ಕಿಲೋ ಕಳಿಸಿಬಿಡಿ" ಅಂದರು. ಸೋಮವಾರ ಸೊಸೆ ಬೇರೆ ನಂಬರಿನಿಂದ ವಾಟ್ಸಪ್ಪಿನಲ್ಲಿ ಬೇಳೆ ಕೇಳಿದರು. ಮಂಗಳವಾರ ಹುಣಸೆಹಣ್ಣಿಗೆ ಅಂತ ದುಡ್ಡು ಬಂದದ್ದು ಮಗನ ಖಾತೆಯಿಂದ. ಹೆಸರು ಮೂರು, ಫೋನು ಮೂರು, ಬಾಗಿಲು ಒಂದೇ.

ಅದಕ್ಕೆ ನಾವು ಹೆಸರಿನ ಮೇಲೆ ಹುಡುಕುವುದಿಲ್ಲ, ಮನೆಯ ಮೇಲೆ ಹುಡುಕುತ್ತೇವೆ. ನಮ್ಮ ಆರ್ಡರ್ ಪುಸ್ತಕದಲ್ಲಿ ಪಿನ್ ಕೋಡಿಗೆ ಒಂದೊಂದು ಪುಟ. ರಾಜಾಜಿನಗರ 560010, ವಿಜಯನಗರ 560040, ಕೆಂಗೇರಿ 560060, ಬಸವೇಶ್ವರನಗರ 560079. ಹೊಸ ಆರ್ಡರು ಬಂದ ತಕ್ಷಣ ಆ ಪುಟ ತೆಗೆದು ಅದೇ ಕ್ರಾಸು, ಅದೇ ಮನೆ ನಂಬರಿನ ಬಾಕಿ ಆರ್ಡರು ಇದೆಯಾ ಅಂತ ನೋಡುವುದು. ಸಿಕ್ಕರೆ ಎರಡಕ್ಕೂ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದು ಜೋಡಿಸುವುದು. ನಮ್ಮ ಮನೆಯಲ್ಲಿ ಮೊಮ್ಮಗಳು ಇದನ್ನು ಮೊಬೈಲಿನಲ್ಲಿಯೂ ಹಾಕಿಟ್ಟಿದ್ದಾಳೆ. ಆದರೂ ಕರೆಂಟು ಹೋದ ದಿನ ಪುಸ್ತಕವೇ ಗತಿ.

ವಿಳಾಸ ಬರೆದುಕೊಳ್ಳುವಾಗ ಉದಾಸೀನ ಬೇಡ. ಆ ಕಡೆಯ ಬಡಾವಣೆಗಳಲ್ಲಿ ಮನೆ ನಂಬರು, ಕ್ರಾಸ್, ಮೈನ್, ಬ್ಲಾಕ್ ಅಥವಾ ಸ್ಟೇಜ್ ನಾಲ್ಕೂ ಬೇಕು. ರಾಜಾಜಿನಗರದಲ್ಲಿ ಒಂದನೇ ಬ್ಲಾಕಿನಿಂದ ಆರನೇ ಬ್ಲಾಕಿನವರೆಗೆ ಇದೆ. "3ನೇ ಮೈನ್, ರಾಜಾಜಿನಗರ" ಅಂತ ಅಷ್ಟೇ ಬರೆದರೆ ಪಾರ್ಸೆಲ್ ತಂದವರು ಎಲ್ಲಿ ಅಂತ ಹುಡುಕಬೇಕು? ಬರೀ "ವಿಜಯನಗರ" ಅಂದರೂ ಸಾಲದು. ಮೈಸೂರಿನಲ್ಲೂ ವಿಜಯನಗರ ಇದೆ, 2021ರಿಂದ ಹೊಸಪೇಟೆಯ ಕಡೆ ವಿಜಯನಗರ ಅಂತ ಜಿಲ್ಲೆಯೇ ಇದೆ. ಪಿನ್ ಕೋಡು 1972ರ ಆಗಸ್ಟ್ 15ರಿಂದ ಬಂದದ್ದೇ ಇಂಥ ಗೊಂದಲ ತಪ್ಪಿಸಲಿಕ್ಕೆ. ಆರು ಅಂಕಿ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯಿರಿ.

ಇನ್ನೊಂದು ಮಾತು. ಒಂದೇ ಕುಟುಂಬ ಅಂತ ಗೊತ್ತಿದ್ದರೂ ವಿಳಾಸ ಬೇರೆ ಇದ್ದರೆ ಕೂಡಿಸಬೇಡಿ. ವಿಜಯನಗರದ ಮಗಳು ತನ್ನ ಮನೆಗೆ ಅಂತ ಕೇಳಿದ್ದನ್ನು ತಾಯಿಯ ಪೆಟ್ಟಿಗೆಯಲ್ಲಿ ಹಾಕಿ "ಅಲ್ಲೇ ಹೋಗಿ ತಗೊಳ್ಳಮ್ಮಾ" ಅನ್ನುವುದು ನಮ್ಮ ಕೆಲಸ ಅಲ್ಲ. ಅವರಾಗಿ ಹೇಳಿದರೆ ಮಾತ್ರ.

ಕೇಳಿ ಕೂಡಿಸಿ

ಕೂಡಿಸುವುದು ಅಂದರೆ ಮೊದಲ ಆರ್ಡರನ್ನು ನಾಲ್ಕು ದಿನ ಹಿಡಿದಿಡುವುದು ಅಂತಲೇ ಅರ್ಥ. ಅದಕ್ಕೆ ಗಿರಾಕಿಯ ಒಪ್ಪಿಗೆ ಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಅಂತ ನವಣೆ ತರಿಸುವವರು ಇರುತ್ತಾರೆ. ಡಬ್ಬ ಖಾಲಿ ಆದಮೇಲೆಯೇ ಅವರು ಫೋನು ಮಾಡುವುದು.

ನಾವು ವಾರಕ್ಕೆ ಒಂದು ದಿನ ಗೊತ್ತು ಮಾಡಿದ್ದೇವೆ. ಮಂಗಳವಾರ ಸಂಜೆ ದೀಪ ಹಚ್ಚುವ ಹೊತ್ತಿನವರೆಗೆ ಬಂದದ್ದೆಲ್ಲ ಬುಧವಾರ ಬೆಳಿಗ್ಗೆ ಹೋಗುತ್ತದೆ. ಆಮೇಲೆ ಬಂದದ್ದು ಮುಂದಿನ ಬುಧವಾರಕ್ಕೆ. ಬುಧವಾರ ಯಾಕೆ ಅಂದರೆ ದಾರಿಯಲ್ಲಿ ಒಂದೆರಡು ದಿನ ತಡವಾದರೂ ಭಾನುವಾರದ ರಜೆಯ ಒಳಗೆ ತಲುಪುತ್ತದೆ. ಶುಕ್ರವಾರ ಹಾಕಿದ ಪೆಟ್ಟಿಗೆ ಎಲ್ಲೋ ಗೋದಾಮಿನಲ್ಲಿ ಭಾನುವಾರ ಕಳೆಯುವ ಸಂಭವ ಜಾಸ್ತಿ, ಮಳೆಗಾಲದಲ್ಲಿ ಅದು ಒಳ್ಳೆಯದಲ್ಲ. ಹೊಸ ಗಿರಾಕಿಗೆ ಮೊದಲ ಸಲವೇ ಈ ದಿನ ಹೇಳಿಬಿಡುತ್ತೇವೆ. ಗೊತ್ತಾದ ಮೇಲೆ ಅವರೇ "ಬುಧವಾರದ ಡಬ್ಬಕ್ಕೆ ಇದನ್ನೂ ಹಾಕಿ" ಅನ್ನುತ್ತಾರೆ. ಹಾಲಿನವನಿಗೆ ಒಂದು ಹೊತ್ತು ಇದ್ದ ಹಾಗೆ ಅದು ಅವರಿಗೂ ಅಭ್ಯಾಸ ಆಗುತ್ತದೆ.

ತುರ್ತು ಅಂದವರದ್ದನ್ನು ಹಿಡಿದಿಡಬೇಡಿ. ಸಾಗಣೆ ಇಷ್ಟಾಗುತ್ತೆ, ಬುಧವಾರದವರೆಗೆ ಕಾದರೆ ಇಷ್ಟು ಉಳಿಯುತ್ತೆ ಅಂತ ಎರಡೂ ಹೇಳಿ ಅವರಿಗೇ ಬಿಡಿ. ಒಂದು ವಾರಕ್ಕಿಂತ ಹೆಚ್ಚು ಯಾವುದನ್ನೂ ಕಾಯಿಸಬಾರದು. ಮೂರರಲ್ಲಿ ಎರಡು ಸಿದ್ಧ ಇವೆ, ಹುಣಸೆಹಣ್ಣು ಇನ್ನೂ ಬೀಜ ಬಿಡಿಸಬೇಕು ಅಂದರೆ ಎರಡನ್ನು ಕಳಿಸಿ, ಹಣ್ಣನ್ನು ಮುಂದಕ್ಕೆ ಹಾಕಿ. ಅದನ್ನೂ ಫೋನು ಮಾಡಿ ಹೇಳಿ.

ಉಳಿದ ದುಡ್ಡು ಯಾರದ್ದು? ಪ್ರತಿ ಆರ್ಡರಿಗೂ ಸಾಗಣೆ ಅಂತ ಮುಂಗಡ ತಗೊಂಡಿದ್ದರೆ ಆ 120 ರೂಪಾಯಿ ಗಿರಾಕಿಯದ್ದೇ. ಅವರಿಗೇ ವಾಪಸು ಹಾಕಿ, ಇಲ್ಲಾಂದ್ರೆ ಮುಂದಿನ ಸಲಕ್ಕೆ ಜಮಾ ಅಂತ ತಿಳಿಸಿ ಪುಸ್ತಕದಲ್ಲಿ ಬರೆಯಿರಿ. ಸಾಗಣೆ ಸೇರಿಸಿಯೇ ದರ ಹೇಳಿದ್ದರೆ ಅದು ನಿಮ್ಮದು. ಕೆಲವರು ಮೂರು ಸಲದ ಸಾಗಣೆ ತಗೊಂಡು ಒಂದೇ ಡಬ್ಬ ಕಳಿಸುತ್ತಾರೆ. ಡಬ್ಬದ ಮೇಲೆ ಅಂಟಿಸಿದ ಚೀಟಿಯಲ್ಲಿ ದರ ಅಚ್ಚಾಗಿ ಬರುವುದುಂಟು. ಬೆಂಗಳೂರಿನವರು ಓದಿದವರು ಸ್ವಾಮಿ, ನೋಡುತ್ತಾರೆ.

ಏನನ್ನು ಏನರ ಜೊತೆ ಹಾಕಬಹುದು

ಇಡೀ ರಾಗಿ, ಸಿಪ್ಪೆ ಸಮೇತ ನವಣೆ, ಹುರುಳಿ, ಅಲಸಂದೆ, ಒಣಗಿದ ತೊಗರಿಬೇಳೆ ಇವು ಒಂದಕ್ಕೊಂದು ತೊಂದರೆ ಕೊಡುವುದಿಲ್ಲ. ನಾಲ್ಕು ದಿನ ಕಾದರೂ ಏನೂ ಆಗಲ್ಲ. ಸಿಪ್ಪೆ ತೆಗೆದ ನವಣೆ ಅಕ್ಕಿ, ಸಾಮೆ ಅಕ್ಕಿ ಬೇರೆ ಜಾತಿ. ಸಿಪ್ಪೆ ಹೋದ ಮೇಲೆ ಅದರ ಎಣ್ಣೆ ಅಂಶಕ್ಕೆ ಗಾಳಿ ತಾಗಿ ಕಮಟು ಹತ್ತಲು ಶುರುವಾಗುತ್ತದೆ, ಹುಳವೂ ಬೇಗ ಬೀಳುತ್ತದೆ. ಆದ್ದರಿಂದ ಆರ್ಡರು ಶನಿವಾರ ಬಂದರೂ ಮಿಲ್ಲಿಗೆ ಹಾಕುವುದು ಮಂಗಳವಾರ. ರಾಗಿ ಹಿಟ್ಟೂ ಹಾಗೆಯೇ. ಕಾಳನ್ನು ಕಾಯಿಸಬೇಕೇ ಹೊರತು ಹಿಟ್ಟನ್ನಲ್ಲ. ಬೀಸಿದ ಹಿಟ್ಟಿನ ಬಿಸಿ ಆರಿದ ಮೇಲೆಯೇ ಪೊಟ್ಟಣ ಕಟ್ಟಬೇಕು. ಬಿಸಿಯಲ್ಲಿ ಕಟ್ಟಿದರೆ ಒಳಗೆ ಬೆವರುತ್ತದೆ, ಆಮೇಲೆ ಮುಗ್ಗಲು.

ಹುಣಸೆಹಣ್ಣು ಎರಡು ಸುತ್ತು ಕವರಿನಲ್ಲಿ ಇರಬೇಕು. ಅದರ ಪಸೆ ಬೇಳೆಯ ಪೊಟ್ಟಣಕ್ಕೆ ತಾಗಿದರೆ ಕಾಗದ ಹರಿಯುತ್ತದೆ. ಬೆಲ್ಲವೂ ಮಳೆಗಾಲದಲ್ಲಿ ಹೀಗೇ ಕರಗುತ್ತದೆ. ಗಾಣದ ಎಣ್ಣೆಯನ್ನು ಕಾಳಿನ ಪೆಟ್ಟಿಗೆಗೆ ನಾವು ಸೇರಿಸುವುದೇ ಇಲ್ಲ, ಉಳಿತಾಯ ಎಷ್ಟೇ ಇರಲಿ. ಒಂದು ಮುಚ್ಚಳ ಸಡಿಲಾದರೆ ಮೂರೂ ಆರ್ಡರು ಹಾಳು. ಹಸಿ ಅವರೆಕಾಯಿಯಂತೂ ಪಾರ್ಸೆಲ್ಲಿನ ಮಾತೇ ಅಲ್ಲ.

ತೂಕಕ್ಕೂ ಮಿತಿ ಇಡಿ. ಸ್ಪೀಡ್ ಪೋಸ್ಟಿನಲ್ಲಿ 35 ಕಿಲೋ ತನಕ ತಗೊಳ್ಳುತ್ತಾರೆ. ಆದರೆ ನಾವು ಹತ್ತು ಕಿಲೋ ದಾಟಿದರೆ ಎರಡು ಪೆಟ್ಟಿಗೆ ಮಾಡುತ್ತೇವೆ. ರಟ್ಟು ತಾಳುವುದಿಲ್ಲ ಅನ್ನುವುದು ಒಂದು. ಲಿಫ್ಟಿಲ್ಲದ ಮೂರನೇ ಮಹಡಿಗೆ ಅದನ್ನು ಹೊತ್ತು ಹತ್ತುವವನೂ ನಮ್ಮ ಹಾಗೇ ಒಬ್ಬ ಅನ್ನುವುದು ಇನ್ನೊಂದು. ಎರಡು ಪೆಟ್ಟಿಗೆ ಆದರೆ ಎರಡಕ್ಕೂ ಬೇರೆ ನಂಬರು ಬರುತ್ತದೆ. ಮೇಲೆ "2ರಲ್ಲಿ 1", "2ರಲ್ಲಿ 2" ಅಂತ ಬರೆಯಿರಿ.

ಪೆಟ್ಟಿಗೆಯ ಒಳಗೆ, ಪುಸ್ತಕದ ಒಳಗೆ

ನಮ್ಮಲ್ಲಿ ಪ್ರತಿ ಆರ್ಡರಿಗೂ ಕ್ರಮಸಂಖ್ಯೆ ಇದೆ. ಈ ಮನೆಯದ್ದು 41, 44, 47 ಅಂತ ಇಟ್ಟುಕೊಳ್ಳಿ. ಪೆಟ್ಟಿಗೆ ಒಂದಾದರೂ ಒಳಗೆ ಮೂರು ಆರ್ಡರು ಮೂರು ಕಟ್ಟಾಗಿಯೇ ಇರಬೇಕು. ಒಂದೊಂದಕ್ಕೂ ಅದರದರ ಸಂಖ್ಯೆ, ಹೆಸರು, ತೂಕ. ಅತ್ತೆಯೂ ಸೊಸೆಯೂ ಇಬ್ಬರೂ ನವಣೆ ಕೇಳಿದ್ದರೂ ಒಂದೇ ಚೀಲಕ್ಕೆ ಸುರಿಯಬೇಡಿ. ದುಡ್ಡು ಬೇರೆ ಕೊಟ್ಟಿದ್ದಾರೆ, ಕೆಲವು ಮನೆಗಳಲ್ಲಿ ಒಲೆಯೂ ಬೇರೆ ಇರುತ್ತದೆ!

ಎಲ್ಲದರ ಮೇಲೆ ಒಂದು ಪಟ್ಟಿ ಇಡಿ. ಮೂರು ಆರ್ಡರು, ಯಾವುದರಲ್ಲಿ ಏನು, ಎಷ್ಟು, ದುಡ್ಡು ಬಂದಿದೆಯೋ ಬಾಕಿಯೋ. ಕೆಳಗೆ ಒಟ್ಟು ಪೊಟ್ಟಣ ಎಷ್ಟು ಅಂತ. ಇದೇ ಪಟ್ಟಿಯ ಫೋಟೋ ಮತ್ತು ಮುಚ್ಚುವ ಮೊದಲು ತೆರೆದ ಪೆಟ್ಟಿಗೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಆಮೇಲೆ ತಕ್ಕಡಿ. ಮುಚ್ಚಿದ ಪೆಟ್ಟಿಗೆಯನ್ನು ಮನೆಯಲ್ಲೇ ತೂಗಿ ಬರೆದುಕೊಳ್ಳಿ. ಅಂಚೆಯ ರಸೀದಿಯಲ್ಲೂ ತೂಕ ಇರುತ್ತದೆ. ಎರಡೂ ತಾಳೆ ಆಗಬೇಕು. 3 ಕಿಲೋ 900 ಇರಬೇಕಾದ ಕಡೆ 2 ಕಿಲೋ 900 ಬಂದರೆ ಬೇಳೆ ಪೊಟ್ಟಣ ಅಡುಗೆಮನೆಯಲ್ಲೇ ಕೂತಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ನಾಳೆ ಗಿರಾಕಿ "ಬೇಳೆ ಬಂದಿಲ್ಲ" ಅಂದರೆ ಜಗಳ ಬೇಕಿಲ್ಲ, ರಸೀದಿಯ ತೂಕ ಹೇಳಿದರೆ ಅವರೇ ಇನ್ನೊಂದು ಸಲ ಡಬ್ಬ ನೋಡುತ್ತಾರೆ.

ಪಾರ್ಸೆಲ್ ನಂಬರು

ರಸೀದಿಯ ನಂಬರಿನಲ್ಲಿ ಹದಿಮೂರು ಗುರುತು ಇರುತ್ತವೆ. ಮೊದಲು ಎರಡು ಇಂಗ್ಲಿಷ್ ಅಕ್ಷರ, ಮಧ್ಯೆ ಒಂಬತ್ತು ಅಂಕಿ, ಕೊನೆಗೆ ಐ, ಎನ್ ಅಂತ ಎರಡಕ್ಷರ. ಆ ಕೊನೆಯದ್ದು ಇಂಡಿಯಾ ಅಂತ. ಒಂಬತ್ತನೇ ಅಂಕಿ ವಿಶೇಷದ್ದು. ಅದು ಮೊದಲ ಎಂಟು ಅಂಕಿಗಳ ಮೇಲೆ ಲೆಕ್ಕ ಮಾಡಿ ಇಟ್ಟ ಕಾವಲುಗಾರ. ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಬೇಕು. ಮೊತ್ತವನ್ನು 11ರಿಂದ ಭಾಗಿಸಿ ಉಳಿದ ಶೇಷವನ್ನು 11ರಲ್ಲಿ ಕಳೆಯಬೇಕು. ಬಂದದ್ದೇ ಒಂಬತ್ತನೇ ಅಂಕಿ. (10 ಬಂದರೆ 0, 11 ಬಂದರೆ 5 ಅಂತ ಹಾಕುತ್ತಾರೆ.) 47312482 ಅಂತ ಇದ್ದರೆ ಮೊತ್ತ 200, ಶೇಷ 2, ಆದ್ದರಿಂದ 9. ಏಳನೇ ಕ್ಲಾಸಿನ ಗಣಿತ ಸಾಕು, ನಾನೇ ಮಾಡಿ ನೋಡಿದ್ದೇನೆ. ನೀವು ಮಾಡಬೇಕಿಲ್ಲ, ಕಂಪ್ಯೂಟರ್ ಮಾಡುತ್ತದೆ. ತಿಳಿಯಬೇಕಾದ್ದು ಇಷ್ಟೇ: ಒಂದು ಅಂಕಿ ತಪ್ಪಾಗಿ ಬರೆದರೆ "ಈ ನಂಬರು ಸರಿಯಿಲ್ಲ" ಅಂತ ಬರುತ್ತದೆ. ಆಗ ಪಾರ್ಸೆಲ್ ಕಳೆದುಹೋಯಿತು ಅಂತ ಎದೆ ಒಡೆದುಕೊಳ್ಳದೆ ರಸೀದಿ ತೆಗೆದು ಮತ್ತೆ ನೋಡಿ. ಕೈಯಲ್ಲಿ ಬರೆದು ಕಳಿಸುವ ಬದಲು ರಸೀದಿಯ ಫೋಟೋನೇ ಕಳಿಸುವುದು ಒಳ್ಳೆಯದು.

ಈ ಒಂದು ನಂಬರನ್ನು ಪುಸ್ತಕದಲ್ಲಿ 41ರ ಮುಂದೆ, 44ರ ಮುಂದೆ, 47ರ ಮುಂದೆ ಮೂರು ಕಡೆಯೂ ಬರೆಯಬೇಕು. 41ರ ಮುಂದೆ ಬರೆದು ಮಿಕ್ಕಿದ್ದನ್ನು "ಅದೇ" ಅಂತ ಬಿಟ್ಟರೆ ಹದಿನೈದು ದಿನ ಆದ ಮೇಲೆ ಯಾವ "ಅದೇ" ಅಂತ ನಿಮಗೇ ಗೊತ್ತಾಗುವುದಿಲ್ಲ. ಇನ್ನೂ ಕೆಟ್ಟದ್ದು, ಖಾಲಿ ಕಂಡ ಆರ್ಡರನ್ನು ಮನೆಯವರು ಮುಂದಿನ ವಾರ ಮತ್ತೊಮ್ಮೆ ಕಳಿಸಿಬಿಡಬಹುದು.

ಗಿರಾಕಿಗೆ ಹೀಗೆ ಬರೆಯಿರಿ: "ಅಮ್ಮಾ, ನಿಮ್ಮ ಮನೆಯ ಮೂರು ಆರ್ಡರೂ ಒಂದೇ ಪೆಟ್ಟಿಗೆಯಲ್ಲಿ ಇವೆ. ನವಣೆ ಅಕ್ಕಿ, ತೊಗರಿಬೇಳೆ, ಹುಣಸೆಹಣ್ಣು. ಬರುವುದು ಒಂದೇ ಪಾರ್ಸೆಲ್. ನಂಬರು ಇದು." ಆರ್ಡರು ಕೊಟ್ಟ ಮೂವರಿಗೂ ಇದನ್ನೇ ಕಳಿಸಿ. ಅತ್ತೆಗೆ ಮಾತ್ರ ಹೇಳಿದರೆ, ಡಬ್ಬ ಬಂದು ಬಿಚ್ಚದೆ ಮೂಲೆಯಲ್ಲಿದ್ದರೂ ಸೊಸೆ ಇನ್ನೊಂದು ಪಾರ್ಸೆಲ್ಲಿಗೆ ಕಾಯುತ್ತಾ ಕೂರುತ್ತಾರೆ. ಪೆಟ್ಟಿಗೆಯ ಮೇಲೆ ಫೋನು ನಂಬರು ಒಂದೇ ಇರಲಿ, ಹಗಲು ಮನೆಯಲ್ಲಿ ಇರುವವರದ್ದು.

ಬುಕ್ ಆಗಿ ನಂಬರು ಬಿದ್ದ ಮೇಲೆ ಅದಕ್ಕೆ ಇನ್ನೇನೂ ಸೇರಿಸಲು ಬರುವುದಿಲ್ಲ. ಬುಧವಾರ ಮಧ್ಯಾಹ್ನ "ಅದರ ಜೊತೆಗೇ ಒಂದು ಕಿಲೋ ಹುರುಳಿ" ಅಂದರೆ ಮುಂದಿನ ವಾರ ಅಂತ ಸಮಾಧಾನವಾಗಿ ಹೇಳಿ. ಮೂರರಲ್ಲಿ ಒಂದು ಬೇಡ ಅಂದರೂ ದಾರಿಯಲ್ಲಿರುವ ಪೆಟ್ಟಿಗೆಯಿಂದ ಅದೊಂದನ್ನು ತೆಗೆಯಲು ಆಗದು.

ರಿಜಿಸ್ಟರ್ ಮಾಡಿಸಿ ಅನ್ನುವ ಹಳಬರು ಇನ್ನೂ ಇದ್ದಾರೆ. ಆ ರಿಜಿಸ್ಟರ್ ಟಪಾಲು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ. ನಿಮ್ಮ ಪೆಟ್ಟಿಗೆಯ ತೂಕಕ್ಕೆ ಯಾವ ಬಗೆಯ ಪಾರ್ಸೆಲ್ ಕಡಿಮೆ ಬೀಳುತ್ತದೆ ಅಂತ ಕೌಂಟರಿನಲ್ಲಿ ಕೇಳಿಯೇ ಮಾಡಿಸಿ. ಮೂರು ಆರ್ಡರು ಒಂದೇ ಕಡೆ ಇರುವುದರಿಂದ, ಹೋದರೆ ಮೂರೂ ಹೋದ ಹಾಗೆ. ಬೆಲೆ ಜಾಸ್ತಿ ಇದ್ದರೆ ವಿಮೆಯ ದರವನ್ನೂ ಕೇಳಿ ನೋಡಿ.

ಬಸ್ಸಿನಲ್ಲಿ ಕಳಿಸುವುದಾದರೆ

ಹತ್ತಿಪ್ಪತ್ತು ಕಿಲೋ ಮೇಲೆ ಹೋದರೆ ಬಸ್ಸು ವಾಸಿ. ಕೆ.ಎಸ್.ಆರ್.ಟಿ.ಸಿ.ಯವರು 2021ರಲ್ಲಿ "ನಮ್ಮ ಕಾರ್ಗೋ" ಅಂತ ಶುರು ಮಾಡಿದರು. ಅದಕ್ಕೂ ರಸೀದಿ ಕೊಡುತ್ತಾರೆ. ಸಾಮಾನ್ಯವಾಗಿ ಗಿರಾಕಿಯೇ ನಿಲ್ದಾಣಕ್ಕೆ ಬಂದು ಬಿಡಿಸಿಕೊಳ್ಳಬೇಕು. ಹಾಗಾಗಿ ಕೂಡಿಸುವುದು ಇಲ್ಲಿ ಇನ್ನೂ ಮುಖ್ಯ. ರಾಜಾಜಿನಗರದಿಂದ ಮೆಜೆಸ್ಟಿಕ್ಕಿಗೆ ಮೂರು ಸಲ ಯಾರು ಬರುತ್ತಾರೆ?

ಕೆಂಗೇರಿಯವರಿಗೆ ಕಳಿಸುವಾಗ ಒಂದು ಎಚ್ಚರ. ಕೆಂಗೇರಿ ಉಪನಗರವನ್ನು ಜನ "ಸ್ಯಾಟಲೈಟ್ ಟೌನ್" ಅನ್ನುತ್ತಾರೆ. ಮೈಸೂರು ರಸ್ತೆಯ "ಸ್ಯಾಟಲೈಟ್ ಬಸ್ ನಿಲ್ದಾಣ" ಬೇರೆಯೇ, ಅದು ಬ್ಯಾಟರಾಯನಪುರದ ಹತ್ತಿರ, ಕೆಂಗೇರಿಯಿಂದ ದೂರ. ಫೋನಿನಲ್ಲಿ "ಸ್ಯಾಟಲೈಟಿಗೆ ಹಾಕಿ" ಅಂದರೆ ಮನೆಯೋ ನಿಲ್ದಾಣವೋ ಅಂತ ಕೇಳಿಯೇ ಬರೆದುಕೊಳ್ಳಿ. ಶಿರಾ ಕಡೆಯ ಬಸ್ಸು ಬರುವುದು ಮೆಜೆಸ್ಟಿಕ್ಕಿಗೆ, ಅಲ್ಲಿಂದ ಅವರು ಹೇಗೆ ಒಯ್ಯುತ್ತಾರೆ ಅಂತಲೂ ಕೇಳಿ. ಆಟೋದವನಿಗೆ ಇನ್ನೂರು ಕೊಡಬೇಕಾದರೆ ಅಂಚೆಯೇ ಅಗ್ಗ ಆಗಬಹುದು. ಆ ಲೆಕ್ಕ ಅವರದ್ದಾದರೂ ಮುಂದಿನ ಆರ್ಡರು ಬರುವುದು ಬಿಡುವುದು ಅದರ ಮೇಲೆಯೇ ನಿಂತಿರುತ್ತದೆ.

ಖಾಲಿ ಪೆಟ್ಟಿಗೆಗೆ ಅಂತ ನಾವು ಅಂಗಡಿಗಳಿಗೆ ಅಲೆಯುವುದಿಲ್ಲ. ಊರಿನ ಔಷಧಿ ಅಂಗಡಿಯವರ ರಟ್ಟಿನ ಡಬ್ಬಗಳು ಗಟ್ಟಿ ಇರುತ್ತವೆ, ಅಳತೆಯೂ ಕಾಳಿಗೆ ಸರಿಹೋಗುತ್ತದೆ. ಹಳೆಯ ಚೀಟಿ, ಹಳೆಯ ನಂಬರು ಒಂದೂ ಉಳಿಯದ ಹಾಗೆ ಕಿತ್ತು, ನಾಲ್ಕೂ ಅಂಚಿಗೆ ಟೇಪು ಹಾಕಿ, ಮೇಲೆ ಸುತ್ತಲೂ ಹುರಿ ಬಿಗಿದರೆ ಆಯ್ತು.